ಅಪ್ಪನ ನಿದ್ದೆ, ಅಣ್ಣನ ಸೈಲೆನ್ಸರ್

ಅಣ್ಣ ಕಾರು ತಂದ ದಿನ ಬೀದಿಯವರೆಲ್ಲ ಹೊರಗೆ ಬಂದು ನಿಂತರು. ನೋಡುವಂತೆಯೇ ಇತ್ತು ಅದು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದಂಥ ಮೈ, ಹಿಂಭಾಗದಲ್ಲಿ ಒಂದು ರೆಕ್ಕೆ. ಅವನಿಗಿಂತ ಮೊದಲು ಅದನ್ನು ಯಾರ್ಯಾರು ಓಡಿಸಿ ಸುಸ್ತಾಗಿ ಬಿಟ್ಟಿದ್ದರೋ, ಮಾರಿದವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೀಟು ಹರಿದಿತ್ತು, ಆಮೇಲೆ ಅದಕ್ಕೆ ನಾನೇ ಪ್ಯಾಂಟಿನ ಬಟ್ಟೆ ಕೊಟ್ಟು ಹೊಲಿದೆ. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಇಳಿದ. ಆ ಕಾರನ್ನು ಹತ್ತಲಾಗುವುದಿಲ್ಲ, ಬಾವಿಗೆ ಇಳಿದಂತೆ ಇಳಿಯಬೇಕು. ಒಮ್ಮೆ ಎಲ್ಲರ ಮುಖ ನೋಡಿ ಕೀಲಿ ತಿರುಗಿಸಿದ.

ಕಾರು 'ಉಂಯ್' ಎಂದಿತು.

ಎದುರಿನ ಕ್ಷೌರದಂಗಡಿಯವನು ಒಳಗೆ ಹೋಗಿ, ವೈರು ಎಳೆದಷ್ಟು ದೂರ ಎಳೆದು, ತನ್ನ ಹೇರ್ ಡ್ರೈಯರನ್ನು ಬಾಗಿಲಿಗೆ ತಂದು ಚಾಲೂ ಮಾಡಿದ. ಕಾರು ಮತ್ತು ಅದು ಒಂದೇ ಶ್ರುತಿಯಲ್ಲಿ ಹಾಡಿದವು.

"ಸಾಹೇಬ್ರೇ, ನಿಮ್ಮದಕ್ಕೂ ಬಿಸಿಗಾಳಿ, ತಣ್ಣನೆ ಗಾಳಿ ಅಂತ ಎರಡು ಬಟನ್ ಇದೆಯಾ?"

ಬೀದಿ ನಕ್ಕಿತು. ಅಣ್ಣ ಕನ್ನಡಕ ತೆಗೆಯಲಿಲ್ಲ. ತೆಗೆದಿದ್ದರೆ ಅವನ ಕಣ್ಣು ನೋಡಿ ಇನ್ನಷ್ಟು ನಗುತ್ತಿದ್ದರು.

ಅವನಿಗೆ ವೇಗ ಬೇಕಿರಲಿಲ್ಲ. ವೇಗಕ್ಕೆ ಪೆಟ್ರೋಲು ಬೇಕು, ಸ್ವಲ್ಪ ಧೈರ್ಯವೂ ಬೇಕು. ಅವನಿಗೆ ಬೇಕಿದ್ದದ್ದು ವೇಗದ ಸದ್ದು, ಅದೂ ಅಗ್ಗದಲ್ಲಿ. ಟೈರ್ ಅಂಗಡಿಯ ಕೌಂಟರಿನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಕೂತು ಬೇರೆಯವರ ಕಾರುಗಳ ಘರ್ಜನೆ ಕೇಳಿ ಕೇಳಿ ಅವನ ತಲೆಯಲ್ಲಿ ಹುಳ ಹೊಕ್ಕಿತ್ತು. ಅಲ್ಲಿಗೆ ಬರುವ ಹುಡುಗರದ್ದೊಂದು ಗುಂಪು. ಮುಚ್ಚಿಹೋದ ಗೋದಾಮಿನ ಬಯಲಿನಲ್ಲಿ ಅವರು ಭಾನುವಾರ ಬೆಳಗ್ಗೆ ಸೇರಿ ಒಬ್ಬೊಬ್ಬರಾಗಿ ಕಾರು ಓಡಿಸಿ ಸದ್ದು ಕೇಳಿಸುತ್ತಾರಂತೆ. ಮೈಮೇಲೆ ಎಚ್ಚರ ಇರುವ ಯಾರೂ ಮಾಡುವ ಕೆಲಸವಲ್ಲ. ಅಣ್ಣನಿಗೆ ಮಾತ್ರ ಆ ಬಯಲಿನಲ್ಲಿ ನಿಲ್ಲುವುದೇ ಹುಟ್ಟಿದ್ದಕ್ಕೆ ಸಾರ್ಥಕ.

ಇಷ್ಟೇ ಆಗಿದ್ದರೆ ನಾನು ನನ್ನ ಪಾಡಿಗೆ ಪ್ಯಾಂಟುಗಳ ಅಂಚು ಮಡಿಸಿಕೊಂಡು ಇರುತ್ತಿದ್ದೆ. ಬಟ್ಟೆ ಅಂಗಡಿಯೊಂದರ ಆ ಕೆಲಸವನ್ನು ಶಾಲೆ ಬಿಟ್ಟಾಗಿನಿಂದ ಮನೆಯಲ್ಲೇ ಕೂತು ಮಾಡುತ್ತೇನೆ. ಆದರೆ ಮನೆಯ ಹಿಂದಿನ ಕೋಣೆಯಲ್ಲಿ ಅಪ್ಪ ಮಲಗಿರುತ್ತಾನೆ.

ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ, ರಾತ್ರಿ ಪಾಳಿ. ಕೆಳಗೆ ಮನುಷ್ಯರು ನಿಂತು ಕೊಕ್ಕೆ ಸಿಕ್ಕಿಸುತ್ತಾರೆ, ಅಪ್ಪ ಅವರ ತಲೆಗಳ ಮೇಲಿಂದ ಉಕ್ಕಿನ ಸುರುಳಿಗಳನ್ನು ದಾಟಿಸುತ್ತಾನೆ. ಒಮ್ಮೆ, ಜ್ವರ ಬಂದಿದ್ದ ವಾರದಲ್ಲಿ, ಅವನ ಕಣ್ಣು ಒಂದು ಗಳಿಗೆ ಮುಚ್ಚಿಕೊಂಡು ಸುರುಳಿ ಗೋಡೆಗೆ ಬಡಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ಸೂಪರ್‌ವೈಸರ್ ಕರೆದು, ಇನ್ನೊಮ್ಮೆ ಹೀಗಾದರೆ ಕ್ರೇನ್ ಇಲ್ಲ, ಗೇಟಿನ ಹತ್ತಿರ ಕಸ ಗುಡಿಸುವ ಕೆಲಸ ಎಂದು ಹೇಳಿ ಕಳಿಸಿದ್ದ. ಅಂದಿನಿಂದ ಅಪ್ಪನ ಹಗಲಿನ ನಿದ್ದೆ ನನ್ನ ಜವಾಬ್ದಾರಿ. ಕಿಟಕಿಗೆ ಕಂಬಳಿ ನೇತುಹಾಕಿದೆ. ಕರೆಗಂಟೆಯ ತಂತಿ ಕಿತ್ತೆ. ಅಪ್ಪ ಏಳುವತನಕ ಹೊಲಿಗೆ ಯಂತ್ರ ತುಳಿಯುವುದಿಲ್ಲ, ಕೈಯಲ್ಲೇ ಹೊಲಿಯುತ್ತೇನೆ. ಒಗ್ಗರಣೆ ಸೌಟನ್ನೂ ಮೆತ್ತಗೆ ಇಡುತ್ತೇನೆ.

ಅಣ್ಣ ಕಾರು ನಿಲ್ಲಿಸಿಕೊಂಡದ್ದು ಮನೆ ಪಕ್ಕದ ಸಂದಿಯಲ್ಲಿ. ಮೂತಿ ಬೀದಿಗೆ ಕಾಣಬೇಕು ಎಂದು ಹಿಂದೆ ಹಿಂದೆ ಹೋಗಿ ನಿಲ್ಲಿಸುತ್ತಿದ್ದ. ಮೂತಿ ಬೀದಿಗೆ, ಬಾಲ ಅಪ್ಪನ ಕಿಟಕಿಗೆ.

ಮೊದಲ ಪ್ರಯೋಗ ಕಿವುಡ ಮೇಸ್ತ್ರಿಯ ಶೆಡ್ಡಿನಲ್ಲಿ ನಡೆಯಿತು. ಮೇಸ್ತ್ರಿ ಗುಜರಿ ಅಂಗಡಿಗಳ ಹಿಂದೆ ಸೈಲೆನ್ಸರ್ ಬೆಸುಗೆ ಹಾಕುವವನು. ಜೀವನವಿಡೀ ಉಕ್ಕು ಉಜ್ಜಿ ಅವನ ಕಿವಿ ಹೋಗಿದೆ. ಕಾರಿನ ಹಿಂದಿನ ಬಂಪರಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸದ್ದು ಹೇಗಿದೆ ಎಂದು ತೀರ್ಪು ಕೊಡುತ್ತಾನೆ. ಕಿವಿ ಕೇಳದವನ ಹತ್ತಿರ ಸದ್ದು ಸರಿಮಾಡಿಸಲು ಹೋಗುವ ಬುದ್ಧಿವಂತರು ಸಾಲುಗಟ್ಟಿ ನಿಂತಿರುತ್ತಾರೆ, ಏಕೆಂದರೆ ಅವನು ಅಗ್ಗ.

"ಈ ಡಬ್ಬ ಇದೆಯಲ್ಲ, ಇದೇ ಸದ್ದು ನುಂಗೋದು," ಎಂದು ಮೇಸ್ತ್ರಿ ಕಾರಿನ ಹಿಂದಿನ ಡಬ್ಬಕ್ಕೆ ಸುತ್ತಿಗೆಯಿಂದ ಬಡಿದ. "ಕಿತ್ತು ಹಾಕಿದ್ರೆ ಹುಲಿ!"

ಕಿತ್ತರು. ಅಲ್ಲಿಂದ ಬರುವಾಗ ಅಣ್ಣ, ಜೊತೆಗೆ ಹೋಗಿದ್ದ ನನ್ನನ್ನು ಬೀದಿ ಮೂಲೆಯ ವಿದ್ಯುತ್ ಕಂಬದ ಹತ್ತಿರ ಇಳಿಸಿದ. ಅಂದಿನಿಂದ ಅದು ನನ್ನ ಜಾಗವಾಯಿತು. ಕಾರಿನೊಳಗೆ ಕೂತವನಿಗೆ ಹೊರಗೆ ಸದ್ದು ಹೇಗೆ ಕೇಳುತ್ತದೆ ಎಂದು ಗೊತ್ತಾಗುವುದಿಲ್ಲವಲ್ಲ. ಅವನ ಗೆಳೆಯನೊಬ್ಬನಿದ್ದ, ಎಲ್ಲರೂ ಟರ್ಬೋ ಎನ್ನುತ್ತಿದ್ದರು. ಅವನು ಒಮ್ಮೆ ಕೇಳಿದ್ದ: "ಒಂದು ಸುತ್ತು ನಾನು ಓಡಿಸ್ತೀನಿ ಗುರು, ನೀನು ನಿಂತು ಕೇಳು."

"ಹಲ್ಲುಜ್ಜೋ ಬ್ರಷ್ಷು, ಕಾರಿನ ಕೀ, ಎರಡೂ ಯಾರಿಗೂ ಕೊಡಲ್ಲ," ಎಂದಿದ್ದ ಅಣ್ಣ.

ಹಾಗಾಗಿ ಅವನ ಕಾರಿನ ಸದ್ದನ್ನು ಹೊರಗಿನಿಂದ ಕೇಳುವ ಭಾಗ್ಯ ಇಡೀ ಲೋಕಕ್ಕೆ ಇತ್ತು, ಅವನೊಬ್ಬನಿಗೆ ಇರಲಿಲ್ಲ. ಅದಕ್ಕೆ ನಾನು ಬೇಕಾದೆ.

"ನೀನೇ ಸರಿ ಮೂಗಿ," ಎಂದ. ನನ್ನದು ಮಾತು ಕಡಿಮೆ ಎಂದು ಅವನು ಇಟ್ಟ ಹೆಸರು ಅದು. "ಬೇರೆಯವ್ರು ಹೊಗಳ್ತಾರೆ, ಇಲ್ಲ ಹೊಟ್ಟೆ ಉರ್ಕೊಳ್ತಾರೆ. ನಿಂಗೆ ಸುಳ್ಳು ಹೇಳೋಕೂ ಬಾಯಿ ಬರಲ್ಲ."

ಅವನು ಬೀದಿ ತುದಿಯವರೆಗೆ ಹೋಗಿ ತಿರುಗಿ ಬಂದ. ಕಂಬ ನಡುಗಿತು. ಒಂದು ನಾಯಿ ಎದ್ದು ಬೀದಿ ಬಿಟ್ಟೇ ಹೋಯಿತು. ಹುಲಿಯಂತೂ ಅಲ್ಲ, ಹಳೆಯ ತಗಡಿನ ಶೀಟಿನ ಮೇಲೆ ಯಾರೋ ಸರಪಳಿ ಎಳೆದಂತಿತ್ತು.

"ಹೇಗಿತ್ತು?"

"ಜೋರಾಗಿತ್ತು," ಎಂದೆ.

ಅದೇ ಸಾಕಾಗಿತ್ತು ಅವನಿಗೆ. ಮರುದಿನ ಬೆಳಗ್ಗೆ ಅಪ್ಪ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ಮಲಗಿದ ಸ್ವಲ್ಪ ಹೊತ್ತಿಗೆ ಅಣ್ಣ ಎಂಜಿನ್ ಬಿಸಿ ಮಾಡಲು ಹೋದ. ನಾನು ಒಳಗೆ ಓಡಿದಾಗ ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಕಿಟಕಿಯ ಗಾಜು, ಮೇಜಿನ ಮೇಲಿನ ಲೋಟ, ಗೋಡೆಗೆ ತೂಗುಹಾಕಿದ ಅವನ ಹೆಲ್ಮೆಟ್, ಎಲ್ಲ ಗಡಗಡ ಎನ್ನುತ್ತಿದ್ದವು.

"ಏನೇ ಅದು?"

"ಅಣ್ಣನ ಕಾರು."

ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಕೆಟ್ಟಿದೆಯಾ?"

"ಇಲ್ಲ. ಸರಿ ಮಾಡಿಸಿದಾನೆ."

ಅಪ್ಪ ಮತ್ತೆ ಮಲಗಿದ. "ಹೋಗ್ಲಿ ಬಿಡು, ಖುಷಿಯಾಗಿದಾನೆ." ಬಾಗಿಲ ಸಂದಿಯಿಂದ ನೋಡಿದೆ. ಕಣ್ಣು ತೆರೆದೇ ಇತ್ತು.

ಅಮ್ಮನಿಗೆ ಸಂಜೆ ಹೇಳಿದೆ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲೆಲ್ಲ ಇರುತ್ತಾಳೆ, ಹಬೆಯಲ್ಲಿ ಬೆಂದು ಮನೆಗೆ ಬರುತ್ತಾಳೆ. "ಗಂಡು ಹುಡುಗ, ಏನೋ ಆಸೆ ಪಟ್ಟಿದಾನೆ. ಕುಡೀತಾನಾ, ಜೂಜಾಡ್ತಾನಾ?" ಎಂದಳು. ಮಗನನ್ನು ತಲೆಯ ಮೇಲೆ ಕೂರಿಸಿಕೊಂಡವಳಿಗೆ ಮಗನ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ.

ಆಮೇಲಿನದೆಲ್ಲ ತಮಾಷೆ, ನೋಡುವವರಿಗೆ. ಟರ್ಬೋ ಬಂದು ಕೇಳಿ, "ಗುರು, ತಪ್ಪು ತಿಳ್ಕೋಬೇಡ, ತಗಡು ತಗಡು ಅನ್ಸುತ್ತೆ" ಎಂದ. ಅಣ್ಣನ ಮುಖ ಬಾಡಿತು. ಹೊಗೆ ಕೊಳವೆಯ ತುದಿಗೆ ಬಣ್ಣದ ಖಾಲಿ ಡಬ್ಬ ಬೆಸುಗೆ ಹಾಕಿಸಿದ. ತಗಡು ಇನ್ನೂ ದೊಡ್ಡದಾಯಿತು. ಮೆದುವಾಗಲಿ ಎಂದು ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನೆಲ್ಲ ಹೊತ್ತುಕೊಂಡು ಹೋಗಿ ಕೊಳವೆಯೊಳಗೆ ತುರುಕಿದ. ನಾನು ಎರಡು ಹೊತ್ತು ಬೂದಿಯಲ್ಲಿ ಪಾತ್ರೆ ಬೆಳಗಿದೆ. ಒಮ್ಮೆ ಜೋರಾಗಿ ತುಳಿದಾಗ ಆ ನಾರು ಕೆಂಡವಾಗಿ ಹೊರಗೆ ಚಿಮ್ಮಿತು. ಕ್ಷೌರದಂಗಡಿಯವನು ಹಗ್ಗದ ಮೇಲೆ ಒಣಹಾಕಿದ್ದ ಬಿಳಿ ಟವೆಲುಗಳ ಮೇಲೆ ಬಿದ್ದು ಅವು ಸೊಳ್ಳೆಪರದೆಯಂತೆ ತೂತು ತೂತಾದವು.

"ಹೇರ್ ಡ್ರೈಯರ್ ಆಗಿದ್ದಾಗಲೇ ಚೆನ್ನಾಗಿತ್ತಲ್ಲೋ!" ಎಂದು ಅವನು ಟವೆಲಿನ ತೂತಿನಿಂದ ಅಣ್ಣನನ್ನು ನೋಡುತ್ತ ಕೂಗಿದ.

ಪ್ರತಿಯೊಂದು ಪ್ರಯೋಗವೂ ಬೆಳಗ್ಗೆ. ಮಧ್ಯಾಹ್ನ ಅಣ್ಣನಿಗೆ ಅಂಗಡಿ. ಪ್ರತಿಯೊಂದಕ್ಕೂ ನಾನು ಕಂಬದ ಬುಡದಲ್ಲಿ. ಮನೆಗೆ ಬಂದು ನೋಡಿದರೆ ಅಪ್ಪ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದ. ಅಲ್ಲಿ ಸದ್ದು ಸ್ವಲ್ಪ ಕಡಿಮೆ. ಟೀ ಕೊಟ್ಟರೆ ಲೋಟ ಹಿಡಿದೇ ತೂಕಡಿಸುತ್ತಿದ್ದ. ಒಂದು ದಿನ ಬಲಗಾಲಿನ ಬೂಟನ್ನು ಎಡಗಾಲಿಗೆ ಹಾಕಿಕೊಂಡು ಕಾರ್ಖಾನೆಯ ಗೇಟಿನವರೆಗೂ ಹೋಗಿದ್ದ.

ಆ ವಾರವೇ ಕೊಕ್ಕೆ ಮಾಮ ಬಂದ. ಅಪ್ಪನ ಕ್ರೇನಿನ ಕೆಳಗೆ ನಿಂತು ಕೊಕ್ಕೆ ಸಿಕ್ಕಿಸುವವನು, ಅಪ್ಪನ ಹಳೆಯ ಸ್ನೇಹಿತ. ಗಂಟೆಯ ತಂತಿ ಕಿತ್ತಿದ್ದು ಅವನಿಗೆ ಗೊತ್ತು. ಕಿಟಕಿಗೆ ಬೆರಳಿನಿಂದ ತಟ್ಟಿದ. ಒಳಗೆ ಬರಲಿಲ್ಲ.

"ನಿಮ್ಮಪ್ಪನ್ನ ಎಬ್ಬಿಸ್ಬೇಡಮ್ಮ, ನಿನ್ ಹತ್ರಾನೇ ಮಾತು," ಎಂದ. "ನಿನ್ನೆ ಸುರುಳಿ ನನ್ ತಲೆ ಮೇಲೆ ಬಂದು ನಿಂತುಬಿಡ್ತು. ನಾನು ಕೂಗ್ದೆ, ಕೈ ಬೀಸ್ದೆ. ನಿಮ್ಮಪ್ಪ ಅಲ್ಲಾಡ್ಲಿಲ್ಲ. ಆಮೇಲೆ ಎಚ್ಚರ ಆಯ್ತು ಅನ್ನು."

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಸೂಪರ್‌ವೈಸರ್‌ಗೆ ಹೇಳಿಲ್ಲ. ಈ ಸಲ ಹೇಳಲ್ಲ. ಆದ್ರೆ ನಂಗೂ ಮನೇಲಿ ಮಕ್ಕಳಿದಾರೆ ತಾಯಿ. ಅವನಿಗೆ ಏನಾಗಿದೆ? ಕಾಯಿಲೆನಾ?"

ಸಂದಿಯಲ್ಲಿದ್ದ ಕೆಂಪು ಕಾರಿನ ಕಡೆ ತೋರಿಸಿದೆ. ಅವನು ಅದನ್ನು ಮೇಲಿಂದ ಕೆಳಗೆ ನೋಡಿ, ಬಾಯಲ್ಲಿದ್ದದ್ದನ್ನು ಪಕ್ಕಕ್ಕೆ ಉಗಿದು ಹೋದ. ಅಷ್ಟು ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಅಂದು ಅಣ್ಣನ ಹತ್ತಿರ ಮಾತಾಡಿದೆ. ಅವನು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ.

"ಅಪ್ಪನಿಗೆ ನಿದ್ದೆ ಆಗ್ತಿಲ್ಲ. ಕೆಲಸದಲ್ಲಿ ಕಣ್ಣು ಮುಚ್ಚಿಹೋಗ್ತಿದೆ."

"ಕಿವಿಗೆ ಹತ್ತಿ ಇಟ್ಕೊಳ್ಳೋಕೆ ಹೇಳು."

"ಇಟ್ಟು ನೋಡಾಯ್ತು. ಗೋಡೆ ನಡುಗುತ್ತೆ."

"ಭಾನುವಾರ ತನಕ ಅಷ್ಟೇ ಕಣೇ. ಒಂದ್ಸಲ ಗುಂಪಿನ ಮುಂದೆ ಸದ್ದು ಸರಿಯಾಗಿ ಕೇಳಿಸ್ಬಿಟ್ರೆ ಆಯ್ತು." ಬಾಚಣಿಗೆ ನಿಲ್ಲಿಸಿ ಕನ್ನಡಿಯಲ್ಲೇ ನನ್ನನ್ನು ನೋಡಿದ. "ಶಾಲೆ ಬಿಟ್ಟು ಪ್ಯಾಂಟಿನ ಕಾಲು ಮಡಿಸೋಳಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ?"

ಭಾನುವಾರ ಸರಿಯಾಗಿ ಕೇಳಿಸಿದರೆ ಅದು ಖಾಯಂ ಆಗುತ್ತದೆ, ಕೇಳಿಸದಿದ್ದರೆ ಇನ್ನೊಂದು ಡಬ್ಬ ಬರುತ್ತದೆ. ಎರಡೂ ಅಪ್ಪನ ಕಿಟಕಿಗೇ. ಇದು ಅರ್ಥವಾಗಲು ಯಾವ ಶಾಲೆಗೂ ಹೋಗಬೇಕಿರಲಿಲ್ಲ.

ಮರುದಿನ ಮತ್ತೆ ಕಿವುಡ ಮೇಸ್ತ್ರಿಯ ಶೆಡ್ಡು. ಅಣ್ಣ ಕೈ ಬಾಯಿ ಸೇರಿಸಿ ಕೂಗಿ ಕೂಗಿ ಸಂಕಟ ಹೇಳಿಕೊಂಡ: ಕಾರಿನೊಳಗೆ ಬರೀ ತಲೆನೋವಿನ ಗುಂಯ್‌ಗುಟ್ಟುವಿಕೆ, ಹೊರಗೆ ಬರೀ ತಗಡು, ಹುಲಿ ಎಲ್ಲೂ ಇಲ್ಲ. ಮೇಸ್ತ್ರಿ ಬಂಪರಿನ ಮೇಲೆ ಅಂಗೈ ಇಟ್ಟು "ಭೇಷ್" ಎಂದ. ಎಲ್ಲದಕ್ಕೂ ಅವನದು ಭೇಷ್. ಡಬ್ಬ ಬಿಚ್ಚಿದರೂ ಅವನಿಗೆ ಕೂಲಿ, ಹಾಕಿದರೂ ಕೂಲಿ.

ಆಮೇಲೆ ಏನೋ ನೆನಪಾಗಿ ಜೋರಾಗಿ ನಕ್ಕ. "ಹಿಂದೆ ಒಬ್ರು ಬರ್ತಿದ್ರು. ಅವ್ರಿಗೆ ಸದ್ದು ಬೇಕು, ಅವ್ರ ಅತ್ತೆಗೆ ಬೇಡ. ಏನ್ ಮಾಡ್ದೆ ಗೊತ್ತಾ? ಎಂಜಿನ್ ಗಾಳಿ ಎಳ್ಕೊಳ್ಳೋ ಜಾಗದಿಂದ ಒಂದು ರಬ್ಬರ್ ಪೈಪು ತಗೊಂಡು, ಕಾಲಿನ ಹತ್ರ ತೂತು ಮಾಡಿ ಕಾರಿನ ಒಳಕ್ಕೆ ಬಿಟ್ಟೆ. ಪೈಪಿನ ಬಾಯಿಗೆ ತೆಳ್ಳಗೆ ರಬ್ಬರ್ ಕಟ್ಟಿದ್ದೆ, ಗಾಳಿ ಬರ್ಬಾರ್ದು, ಸದ್ದು ಮಾತ್ರ ಬರ್ಬೇಕು. ತುಳಿದ್ರೆ ಒಳಗೆ ಹುಲಿ, ಹೊರಗೆ ಬೆಕ್ಕು! ಅತ್ತೆ ಕೊನೇ ತನಕ ಅಳಿಯ ತುಂಬಾ ಸಂಭಾವಿತ ಅಂತಿದ್ಲು."

"ಒಳಗೆ ಬಂದು ಏನು ಮಾಡೋದು ಮೇಸ್ತ್ರಿ, ಕೇಳೋರು ಹೊರಗೆ ಇರ್ತಾರಲ್ಲ!" ಎಂದ ಅಣ್ಣ ತಿರಸ್ಕಾರದಿಂದ.

ಮೇಸ್ತ್ರಿಗೆ ಕೇಳಿಸಲಿಲ್ಲ. "ಹೌದು ಹೌದು," ಎಂದು ತಲೆಯಾಡಿಸಿದ. ಕೇಳಿಸದ ಮಾತಿಗೆಲ್ಲ ಅವನು ಹಾಗೆಯೇ ಅನ್ನುತ್ತಾನೆ. ಅವನ ಆ ತಲೆಯಾಟವನ್ನು ನಾನು ನೋಡಿಟ್ಟುಕೊಂಡೆ.

ಮನೆಗೆ ಬರುವ ದಾರಿಯಲ್ಲಿ ಅಣ್ಣ ಎಂದಿನಂತೆ ನನ್ನನ್ನು ಕಂಬದ ಹತ್ತಿರ ಇಳಿಸಿ, ಬೀದಿ ಸುತ್ತಿ ಬಂದು, ಕತ್ತು ಹೊರಹಾಕಿದ. "ಹೇಗಿತ್ತು?"

ಅಷ್ಟು ಉದ್ದದ ಮಾತನ್ನು ನಾನು ಮನೆಯಲ್ಲಿ ಯಾರ ಹತ್ತಿರವೂ ಆಡಿದವಳಲ್ಲ.

"ಒಡಕು ಅಣ್ಣ. ತೂತಾದ ಬಕೆಟ್ ಎಳೆದ ಹಾಗೆ. ಡಬ್ಬ ಕಿತ್ತಿದ್ದಕ್ಕೇ ಹೀಗಾಗಿದ್ದು. ನಿಮ್ಮ ಅಂಗಡಿಗೆ ಬರೋ ದೊಡ್ಡ ಕಾರುಗಳಿಗೆಲ್ಲ ಡಬ್ಬ ಇಲ್ವಾ? ಡಬ್ಬ ವಾಪಸ್ ಹಾಕು, ಮೇಸ್ತ್ರಿ ಹೇಳಿದ ಪೈಪೂ ಹಾಕು. ಆ ಪೈಪು ಒಳಗೂ ಕೂಗುತ್ತೆ, ಹೊರಗೂ ಕೂಗುತ್ತೆ."

"ಹೊರಗೆ ಬೆಕ್ಕು ಅಂದ್ನಲ್ಲ?"

"ಅದು ಅತ್ತೆಗೆ ಬೇಡ ಅಂತ ಹಾಗೆ ಮಾಡಿದ್ದು. ನಮಗೆ ಬೇಕಾದ್ರೆ ಎರಡೂ ಕಡೆ ಬರುತ್ತೆ. ಬೇಕಾದ್ರೆ ಮೇಸ್ತ್ರೀನೇ ಕೇಳು."

ಕೇಳಿದ. ಅದೂ ಮರುದಿನ ಬೆಳಗ್ಗೆ, ಮೇಸ್ತ್ರಿ ಕಾರಿನ ಕೆಳಗೆ ಮಲಗಿ ಉಕ್ಕು ಉಜ್ಜುತ್ತಿದ್ದಾಗ.

"ಎರಡೂ ಕಡೆ ಕೂಗುತ್ತಾ ಮೇಸ್ತ್ರಿ?"

"ಹೌದು ಹೌದು!"

ಹಳೆಯ ಡಬ್ಬ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಅದು ವಾಪಸ್ ಬಂದು ತನ್ನ ಜಾಗ ಸೇರಿತು. ಪೈಪು ಯಾವುದೋ ಗುಜರಿ ಬಟ್ಟೆ ಒಗೆಯುವ ಯಂತ್ರದ್ದು, ನೀರು ಹೊರಬಿಡುವ ಸುಕ್ಕು ಸುಕ್ಕಾದ ಕೊಳವೆ. ಬಾಯಿಗೆ ಕಟ್ಟುವ ರಬ್ಬರನ್ನು ನಾನೇ ಕೊಟ್ಟೆ. ಅಮ್ಮನ ಸೊಂಟನೋವಿನ ಬಿಸಿನೀರಿನ ಚೀಲ ಒಡೆದು ಬಿದ್ದಿತ್ತು, ಅದರಿಂದ ದುಂಡಗೆ ಒಂದು ಬಿಲ್ಲೆ ಕತ್ತರಿಸಿ, ಮಡಿಕೆ ಬೀಳದ ಹಾಗೆ ಎಳೆದು, ಕಾಜಾ ದಾರದಲ್ಲಿ ಸುತ್ತಿ ಕಟ್ಟಿದೆ. ಅಣ್ಣ ಅದರ ಮೇಲೆ ಬೆರಳಿನಿಂದ ಬಡಿದು ತಬಲದಂತೆ ನುಡಿಸಿ ನೋಡಿದ. ಎಷ್ಟೆಂದರೂ ಖರ್ಚು ಕಡಿಮೆ ಆದದ್ದಕ್ಕೇ ಅವನಿಗೆ ಅರ್ಧ ಸಂತೋಷವಾಗಿತ್ತು.

ಇನ್ನು ಉಳಿದದ್ದು ಬೀದಿ. ಅಣ್ಣ ಡಬ್ಬದ ಬೋಲ್ಟು ಬಿಗಿಸಿಕೊಳ್ಳುತ್ತಿದ್ದ ಹೊತ್ತಿಗೆ ನಾನು ಮೊದಲೇ ಬಂದು ಕ್ಷೌರದಂಗಡಿಯ ಮೆಟ್ಟಿಲು ಹತ್ತಿದೆ. ಗಂಡಸರ ಅಂಗಡಿ. ಕುರ್ಚಿಯಲ್ಲಿ ಮುಖಕ್ಕೆ ನೊರೆ ಮೆತ್ತಿಕೊಂಡ ಒಬ್ಬರು ಕೂತಿದ್ದರು. ಕನ್ನಡಿಗಳಲ್ಲೆಲ್ಲ ನಾನೇ ಕಾಣುತ್ತಿದ್ದೆ, ಎಲ್ಲ ಕಡೆಯಿಂದಲೂ ತಲೆ ತಗ್ಗಿಸಿಕೊಂಡು.

"ಏನಮ್ಮ? ನಿನ್ ಧ್ವನಿ ಹೇಗಿದೆ ಅಂತಾನೇ ನಂಗೆ ಗೊತ್ತಿಲ್ಲ, ಕೇಳೋಣ," ಎಂದ ಕ್ಷೌರದಂಗಡಿಯವನು.

"ಅಂಕಲ್, ಈಗ ಅಣ್ಣ ಬರ್ತಾನೆ. ಕಾರು ಸದ್ದು ಮಾಡಲ್ಲ. ನೀವು ಮಾತ್ರ ಕಿವಿ ತೂತಾಯ್ತು ಅನ್ನಿ."

"ಯಾಕೆ?"

"ಅಪ್ಪ ಮಲಗ್ಬೇಕು."

ಅವನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಆಮೇಲೆ ಅವನ ಹೊಟ್ಟೆ ಕುಣಿಯತೊಡಗಿತು. "ಅಷ್ಟೇ ತಾನೇ? ಬೋಳು ತಲೆಯವ್ರಿಗೆ ಕೂದಲು ಮತ್ತೆ ಬರ್ತಾ ಇದೆ ಅಂತ ದಿನಾ ಹೇಳೋನಮ್ಮ ನಾನು. ಇದೊಂದು ಕೆಲಸಾನಾ?"

ನೊರೆಯೊಳಗಿನವರು ಕೈಯಿಂದ ತಮ್ಮ ತಲೆ ಮುಟ್ಟಿ ನೋಡಿಕೊಂಡರು.

ಕಾರು ಬಂತು. ಕಿಟಕಿ ಮುಚ್ಚಿ ಓಡಿಸು, ಇಳಿಸಿದರೆ ಸದ್ದು ಸೋರಿಹೋಗುತ್ತದೆ ಎಂದು ಮೊದಲೇ ಹೇಳಿದ್ದೆ. ಗಾಜಿನ ಹಿಂದೆ ಅಣ್ಣನ ಹಲ್ಲು ಕಂಡವು, ಎಲ್ಲವೂ. ಕುತ್ತಿಗೆ ಹಿಂದಕ್ಕೆ ವಾಲಿತ್ತು. ಅವನ ಪಾಲಿಗೆ ಒಳಗೆ ಲೋಕವೇ ಗುಡುಗುತ್ತಿತ್ತು. ಹೊರಗೆ ಕಾರು ಮೊದಲ ದಿನದಂತೆ 'ಉಂಯ್' ಎಂದು ಹಾದುಹೋಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಅದರ ಮುಂದೆಯೇ ಅಡ್ಡ ದಾಟಿದ, ತಿರುಗಿಯೂ ನೋಡಲಿಲ್ಲ. ಬೀದಿ ಬಿಟ್ಟಿದ್ದ ನಾಯಿ ಕಂಬದ ಬುಡಕ್ಕೆ ವಾಪಸ್ ಬಂದಿತ್ತು; ಮಲಗಿದಲ್ಲೇ ಒಂದು ಕಣ್ಣು ತೆರೆದು ಮುಚ್ಚಿತು.

ಅಣ್ಣ ಬಾಗಿಲು ತೆರೆದು ಮೇಲಕ್ಕೆ ಬಂದ. "ಹೇಗಿತ್ತೇ?"

"ಬೀದಿ ನಡುಗಿತು," ಎಂದೆ.

"ಅಯ್ಯೋ ಮಾರಾಯ!" ಕ್ಷೌರದಂಗಡಿಯವನು ಎರಡು ಕಿವಿಗೂ ಹತ್ತಿ ತುರುಕಿಕೊಂಡು ಓಡಿ ಬಂದ. "ನನ್ ಕೈ ನಡುಗಿ ಗಿರಾಕಿ ಮೀಸೆ ಅರ್ಧ ಹೋಯ್ತು! ಯಾರು ಜವಾಬ್ದಾರಿ?"

ಅಣ್ಣ ಅವನ ಕ್ಷಮೆ ಕೇಳಿದ. ಮೊದಲ ದಿನ ಹೇರ್ ಡ್ರೈಯರ್ ಹಿಡಿದವನು ಇವನೇ ಎಂಬುದನ್ನು ಎಷ್ಟು ಸಂತೋಷದಿಂದ ಮರೆತ!

ನಿಂತಲ್ಲೇ ರೇಸ್ ಮಾಡಿದರೆ ಬಿಲ್ಲೆ ಹರಿಯುತ್ತದೆ, ನಾನು ಮತ್ತೆ ಕಟ್ಟಿಕೊಡುವುದಿಲ್ಲ ಎಂದೂ ಅಣ್ಣನಿಗೆ ಹೇಳಿಟ್ಟೆ. ಆ ವಾರದ ಉಳಿದ ದಿನಗಳಲ್ಲಿ ಅಪ್ಪ ಮಲಗಿದ. ಮಲಗಿದ ಎಂದರೆ, ಮೊದಲ ದಿನ ಮಧ್ಯಾಹ್ನ ದಾಟಿದರೂ ಏಳದೆ, ನಾನು ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಬೇಕಾಯಿತು. ಆದರೆ ನನ್ನ ಎದೆ ಹಗುರಾಗಲಿಲ್ಲ. ಭಾನುವಾರ ಮುಂದಿತ್ತು. ಬಯಲಿನಲ್ಲಿ ಒಬ್ಬನೇ ಒಬ್ಬ ನಕ್ಕರೆ ಸಾಕು, ಮಧ್ಯಾಹ್ನದೊಳಗೆ ಡಬ್ಬ ಮತ್ತೆ ಮೇಸ್ತ್ರಿಯ ಮೂಲೆ ಸೇರುತ್ತಿತ್ತು.

ಭಾನುವಾರ ಅಣ್ಣ ನನ್ನನ್ನೂ ಕರೆದುಕೊಂಡು ಹೋದ, ಕಿವಿ ಬೇಕಲ್ಲ. ಗೋದಾಮಿನ ಬಯಲಿನಲ್ಲಿ ಬಣ್ಣ ಬಣ್ಣದ ಕಾರುಗಳು ಮೂತಿ ತೆರೆದುಕೊಂಡು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಅವುಗಳ ಮಾಲೀಕರು, ತಮ್ಮ ತಮ್ಮ ಬಾನೆಟ್ಟನ್ನು ಬಟ್ಟೆಯಲ್ಲಿ ಉಜ್ಜುತ್ತ. ಮನೆಯಲ್ಲಿ ತಾವು ಉಂಡ ತಟ್ಟೆ ಎತ್ತಿಟ್ಟವರ ಹಾಗೆ ಒಬ್ಬರೂ ಕಾಣಲಿಲ್ಲ.

ಒಬ್ಬೊಬ್ಬರಾಗಿ ಬಯಲಿನ ತುದಿಯವರೆಗೆ ಓಡಿಸಿಕೊಂಡು ಬರುತ್ತಿದ್ದರು. ಸದ್ದಿಗೆ ನನ್ನ ಹಲ್ಲು ಜುಂ ಎಂದವು. ಅಣ್ಣನ ಸರದಿ ಬಂತು. ಕಿಟಕಿ ಮುಚ್ಚಿಕೊಂಡು ಹೋದ. ನಾನು ಕಾರನ್ನು ನೋಡಲಿಲ್ಲ, ಮುಖಗಳನ್ನು ನೋಡಿದೆ.

ಕಾರು ಬೆಕ್ಕಿನಂತೆ ಎಲ್ಲರ ಮುಂದೆ ಹಾದುಹೋಯಿತು.

ಒಬ್ಬ ತನ್ನ ಕಾರಿನ ಕನ್ನಡಿಯಲ್ಲಿ ತಲೆ ಸರಿಮಾಡಿಕೊಳ್ಳುತ್ತಿದ್ದ. ಇನ್ನೊಬ್ಬ, ಈಗಷ್ಟೇ ಓಡಿಸಿ ಬಂದವನು, ಫೋನಿನಲ್ಲಿ ತನ್ನದೇ ಸದ್ದಿನ ವಿಡಿಯೋವನ್ನು ಕಿವಿಗೆ ಒತ್ತಿಕೊಂಡಿದ್ದ. ಮುಂದಿನ ಸರದಿಯವನು ಆಗಲೇ ಒಳಗೆ ಕೂತು ಉಗುರು ಕಚ್ಚುತ್ತಿದ್ದ. ಟರ್ಬೋ ಬಗ್ಗಿ ತನ್ನ ಕೊಳವೆಯೊಳಗೆ ಇಣುಕುತ್ತಿದ್ದ. ಇಡೀ ಬಯಲಿನಲ್ಲಿ ಬೇರೆಯವನ ಕಾರಿನ ಸದ್ದು ಕೇಳುತ್ತಿದ್ದ ಗಂಡಸು ಒಬ್ಬನೂ ಇರಲಿಲ್ಲ. ಇವರಿಗೆ ಹೆದರಿ ನಾನು ರಾತ್ರಿಯಿಡೀ ಹೊರಳಾಡಿದ್ದೆ!

ಅಣ್ಣ ಇಳಿದು ಬಂದ. "ಹೇಗಿತ್ತೋ?"

"ಸೂಪರ್ ಗುರು! ಮೈ ಜುಂ ಅಂತು," ಎಂದು ಟರ್ಬೋ ಎದ್ದ. "ನಂದು? ಆಗ ಓಡಿಸ್ದೆನಲ್ಲ?"

ಟರ್ಬೋ ಓಡಿಸುವಾಗ ಅಣ್ಣ ಕಾರಿನೊಳಗೆ ಕೂತು ಕನ್ನಡಕ ಒರೆಸುತ್ತಿದ್ದ. "ಭೂಮಿ ನಡುಗಿತು," ಎಂದ.

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಕೇಳಿದವರು ಇಬ್ಬರೇ. ನಾನು, ಮತ್ತು ಸಾಲಿನ ಕೊನೆಯಲ್ಲಿ ಹಳದಿ ಕಾರಿನ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದ ಒಬ್ಬ ಹೆಂಗಸು. ಮಡಿಲಲ್ಲಿ ಮಗು, ಮಗುವಿನ ಕಿವಿಗಳ ಮೇಲೆ ಅವಳ ಎರಡೂ ಅಂಗೈ. ಅವಳೂ ಯಾರದೋ ಕಿವಿಯಾಗಿ ಬಂದವಳು. ಅಣ್ಣನ ಕಾರು ಹಾದುಹೋದಾಗ ಅವಳು ಮಗುವಿನ ಕಿವಿಯಿಂದ ಕೈ ತೆಗೆದಿದ್ದಳು. ಹೊರಡುವಾಗ ನನ್ನ ಹತ್ತಿರ ಬಂದು, ಗಂಡನಿಗೆ ಕೇಳಿಸದ ಹಾಗೆ ಕೇಳಿದಳು:

"ನಿಮ್ಮದಕ್ಕೆ ಯಾರು ಮಾಡಿಕೊಟ್ಟಿದ್ದು?"

ಕಿವುಡ ಮೇಸ್ತ್ರಿಯ ಶೆಡ್ಡಿನ ಗುರುತು ಹೇಳಿದೆ.

ಮನೆಗೆ ಹೋಗುವಾಗ ಅಣ್ಣ ಗೆದ್ದು ಬಂದವನಂತೆ ತುಳಿದ. ಹೊಸ ಪೈಪು ಹಾಕಿದ ಮೇಲೆ ನಾನು ಒಳಗೆ ಕೂತು ಆ ಸದ್ದನ್ನು ಗಮನಿಸಿದ್ದು ಆಗಲೇ. ಬರುವಾಗ ಭಯದಲ್ಲಿ ಏನೂ ಕೇಳಿಸಿರಲಿಲ್ಲ. ಅಮ್ಮನ ಬಿಸಿನೀರಿನ ಚೀಲದ ತುಂಡು ನನ್ನ ಕಾಲಿನ ಹತ್ತಿರ ಗುರ್ರ್ ಎನ್ನುತ್ತಿತ್ತು. ನಿಜ ಹೇಳಬೇಕೆಂದರೆ ಹುಲಿಯೇ. ಸಂದಿಗೆ ತಿರುಗಿದಾಗ ನನಗೇ ಗಾಬರಿಯಾಗಿ ಗಾಜು ಇಳಿಸಿ ಕತ್ತು ಹೊರಗೆ ಹಾಕಿದೆ. ಹೊರಗೆ ಉಂಯ್. ಸಮಾಧಾನವಾಗಿ ಗಾಜು ಏರಿಸಿದೆ.

ಅಣ್ಣ ಎಂಜಿನ್ ಆರಿಸಿ ಕಿವಿಗೊಟ್ಟು ಕೂತ. ಮನೆಯೊಳಗಿಂದ ಏನೂ ಇಲ್ಲ. ಅವನ ಹುಬ್ಬು ಗಂಟಾಯಿತು.

"ಅಪ್ಪ ಏಳಲೇ ಇಲ್ವಲ್ಲ?"

ನಾನು ಇಳಿಯಲು ಬಾಗಿಲ ಹಿಡಿಗೆ ಕೈ ಹಾಕಿದೆ.

"ಇಷ್ಟು ಸದ್ದಿಗೆ ಅಪ್ಪ ಏಳಲಿಲ್ವಾ? ಮೊನ್ನೆ ತಗಡು ಸದ್ದಿಗೇ ಎದ್ದು ಕೂರ್ತಿದ್ದ." ನನ್ನ ಕಡೆ ತಿರುಗಿದ. ಕಣ್ಣಿನಲ್ಲಿ ಮೊದಲ ಸಲ ಒಂದು ಅನುಮಾನ ಮೂಡಿತ್ತು. "ನಿಜ ಹೇಳೇ ಮೂಗಿ. ಹೊರಗೆ ಕೇಳುತ್ತೆ ತಾನೇ?"

ಇಷ್ಟು ದಿನ ಆ ಬುದ್ಧಿ ಎಲ್ಲಿತ್ತೋ. ಅವನು ಇಳಿದು ಬಿರಬಿರನೆ ಒಳಗೆ ಹೋದ. ನಾನು ಹಿಂದೆಯೇ ಓಡಿದೆ. ಅಡುಗೆಮನೆ ದಾಟಿ ಹಿಂದಿನ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿದ. ಕಂಬಳಿಯ ಕತ್ತಲಲ್ಲಿ ಅಪ್ಪ ಬಾಯಿ ತೆರೆದು, ಒಂದು ಕೈ ಮಂಚದಿಂದ ಕೆಳಗೆ ಬಿಟ್ಟು ಮಲಗಿದ್ದ. ಬಾಗಿಲ ಸದ್ದಿಗೆ ಕಣ್ಣು ಬಿಟ್ಟ.

"ಅಪ್ಪಾ, ನಿಂಗೆ ನನ್ ಕಾರಿನ ಸದ್ದು ಕೇಳಿಸ್ತಾ?"

ಅಪ್ಪ ಅಣ್ಣನನ್ನು ನೋಡಿದ. ಆಮೇಲೆ ಅಣ್ಣನ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿದ. ನಾನು ಎರಡೂ ಅಂಗೈಯನ್ನು ಕಿವಿಗೆ ಒತ್ತಿಕೊಂಡು, ಮುಖ ಹಿಂಡಿಕೊಂಡು ನಿಂತಿದ್ದೆ. ಕ್ರೇನಿನ ಮೇಲೆ ಕೂತು ಕೆಳಗಿನವರ ಕೈಸನ್ನೆ ನೋಡಿ ಕೆಲಸ ಮಾಡುವವನು ಅಪ್ಪ. ಸನ್ನೆ ಅವನಿಗೆ ಎರಡನೇ ಸಲ ಬೇಕಾಗುವುದಿಲ್ಲ.

"ಅಬ್ಬಬ್ಬಾ," ಎಂದ ಅಪ್ಪ, ದಿಂಬನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ. "ಎಂಥಾ ಸದ್ದೋ ಅದು, ಎದೆ ಒಡೆದು ಹೋಯ್ತಲ್ಲೋ. ಮನುಷ್ಯ ಮಲಗೋದು ಬೇಡ್ವಾ?"

ಅಣ್ಣನ ಮುಖ ಅರಳಿತು.

"ಸಾರಿ ಅಪ್ಪಾ," ಎಂದ. ಅಷ್ಟು ಆನಂದದಿಂದ ಯಾರೂ ಯಾರಿಗೂ ಸಾರಿ ಹೇಳಿದ್ದನ್ನು ನಾನು ನೋಡಿಲ್ಲ. "ಏನ್ ಮಾಡೋದು, ಅದೇ ಹಾಗೆ. ಇನ್ಮೇಲೆ ಮನೆ ಹತ್ರ ಸ್ವಲ್ಪ ನಿಧಾನ ಓಡಿಸ್ತೀನಿ."

ದಿಂಬಿನ ಕೆಳಗಿನಿಂದ ಆಗಲೇ ಗೊರಕೆ ಶುರುವಾಗಿತ್ತು. ಅಣ್ಣ ತುದಿಗಾಲಲ್ಲಿ ಹೊರಗೆ ಹೋದ. ಬಾಗಿಲಿನ ಗಾಳಿಗೆ ಕಂಬಳಿಯ ಒಂದು ಮೂಲೆ ಮೊಳೆಯಿಂದ ಕಳಚಿ ಬೆಳಕು ಅಪ್ಪನ ಮುಖದ ಮೇಲೆ ಬೀಳುತ್ತಿತ್ತು. ಅದನ್ನು ಮತ್ತೆ ಸಿಕ್ಕಿಸಿ, ಬಾಗಿಲು ಮುಂದೆ ಮಾಡಿಕೊಂಡು, ಮುಂದಿನ ಕೋಣೆಯಲ್ಲಿ ಪ್ಯಾಂಟುಗಳ ರಾಶಿಯ ಮುಂದೆ ಸೂಜಿ ಹಿಡಿದು ಕೂತೆ.